ಜರ್ಬಿಲ್ ಮರಿಗಳು: ಅಪ್ಪನನ್ನು ಪಕ್ಕದಲ್ಲೇ ಇಟ್ಟೆ

ಗಂಡು ಜರ್ಬಿಲ್ಲನ್ನು (ಇಲಿಯಂಥ ಪುಟ್ಟ ಸಾಕುಪ್ರಾಣಿ) ಒಮ್ಮೆ ಬೇರೆ ಮಾಡಿದರೆ ಮುಗೀತು, ಆಮೇಲೆ ಮರಿಗಳನ್ನು ಹತ್ತಿರ ಬಿಟ್ಟರೆ ಕಚ್ಚಿ ಸಾಯಿಸುತ್ತದೆ ಅಂತ ಇಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಸಾಕುವವರೆಲ್ಲ ಹೇಳಿದ್ದರು. ನಮ್ಮ ಗಂಡು ಈಗ ಮಗನ ಜೊತೆ ಒಂದೇ ಗೂಡಿನಲ್ಲಿ ಮಲಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿಯವರು ಅಕ್ಕ-ತಂಗಿ ಅಂತ ಕೊಟ್ಟ ಜೋಡಿ ಇದು. ಒಂದು ಬೆಳಗ್ಗೆ ನೋಡಿದರೆ ನಾಲ್ಕು ಮರಿ! ಹೆತ್ತ ದಿನವೇ ಸಂಜೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ, ನಿಮಗೆ ಗೊತ್ತಲ್ವಾ. ಹಾಗಾಗಿ ಗಂಡನ್ನು ಆ ರಾತ್ರಿ ಸಣ್ಣ ಪಂಜರಕ್ಕೆ ಹಾಕಿದೆ. ಬೆಳಗಿನವರೆಗೂ ಸರಳು ಕಡಿಯಿತು.

ಮರುದಿನ ಅವು ಇದ್ದ ಗಾಜಿನ ಟ್ಯಾಂಕಿನ ಮಧ್ಯೆ ಅಡ್ಡ ಜಾಲರಿ ನಿಲ್ಲಿಸಿದೆ. ಮರದ ಚೌಕಟ್ಟಿಗೆ ಕಿಟಕಿಯ ಸೊಳ್ಳೆಪರದೆ ಹೊಡೆದಿದ್ದೆ, ಐದಾರು ಪೌಂಡ್ ಆಗಿತ್ತು. ಒಂದೇ ರಾತ್ರಿಯಲ್ಲಿ ತೂತು. ಗಂಡು ಹೋಗಿ ಮರಿಗಳ ಮೇಲೆ ಬೆಚ್ಚಗೆ ಮಲಗಿತ್ತು. ಮರಿಗಳಿಗೆ ಏನೂ ಆಗಿರಲಿಲ್ಲ, ಆದರೆ ಮತ್ತೊಂದು ಸೂಲು ಬರುತ್ತದಾ ಅನ್ನೋ ಭಯ ಹಿಡಿಯಿತು. ಹಾಲೂಡಿಸುವಾಗ ಬಸಿರಾದರೆ ಎಂದಿನ 24-26 ದಿನದ ಲೆಕ್ಕ ನಡೆಯುವುದಿಲ್ಲ, ಆರು ವಾರದವರೆಗೂ ಎಳೆಯಬಹುದು. ಅಷ್ಟು ದಿನವೂ ಕ್ಯಾಲೆಂಡರ್ ನೋಡಿದೆ. ಬರಲಿಲ್ಲ.

ಕೊನೆಗೆ ಗೆದ್ದಿದ್ದು 6 ಮಿಲಿಮೀಟರ್ ಕಣ್ಣಿನ, ಬೆಸುಗೆ ಹಾಕಿದ ಉಕ್ಕಿನ ಜಾಲರಿ. ಹದಿನೈದು ಪೌಂಡ್ ಹತ್ತಿರ. ಗಂಡಿಗೆ ಆಪರೇಷನ್ ಮಾಡಿಸಲು ಡಾಕ್ಟರು ನೂರರ ಮೇಲೆ ಹೇಳಿದ್ದರು, ಅದು ಉಳಿಯಿತು. ಗಾಜಿಗೂ ಜಾಲರಿಗೂ ನಡುವಿನ ಸಂದಿ ಹೇಗೆ ಮುಚ್ಚಿದೆ ಅನ್ನೋದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡೂ ಕಡೆಯ ಹಾಸನ್ನು ಆಗಾಗ ಒಂದೊಂದು ಹಿಡಿ ಅದಲು ಬದಲು ಮಾಡುತ್ತಿದ್ದೆ. ಇಡೀ ಗುಟ್ಟು ಈ ವಾಸನೆಯಲ್ಲೇ ಇದೆ. ಮರಿಗಳಿಗೆ ಅಪ್ಪ ಹೊಸಬನಾಗಲೇ ಇಲ್ಲ, ಅಪ್ಪನಿಗೆ ಮರಿಗಳೂ ಹೊಸಬರಾಗಲಿಲ್ಲ.

ಗಂಡು ಹೆಣ್ಣು ಗುರುತಿಸಲು ಬಾಲದ ಬುಡ ನೋಡುತ್ತಾ ಕೂರಬೇಡಿ. ಒಂಬತ್ತು ಹತ್ತು ದಿನಕ್ಕೆ, ಕೂದಲು ದಟ್ಟವಾಗುವ ಮುಂಚೆ, ಹೊಟ್ಟೆ ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ. ಹೆಣ್ಣಿಗೆ ಎರಡು ಸಾಲು ಪುಟ್ಟ ಚುಕ್ಕಿ ಕಾಣುತ್ತವೆ, ಅವೇ ಮೊಲೆತೊಟ್ಟು. ಗಂಡಿಗೆ ಇರುವುದಿಲ್ಲ. ನಾನು ಹೇಳಿದ ನಾಲ್ಕಕ್ಕೆ ನಾಲ್ಕೂ ಸರಿಯಾಯಿತು: ಮೂರು ಗಂಡು, ಒಂದು ಹೆಣ್ಣು. ಅಂಗಡಿಯವರಿಂದ ಎರಡನ್ನು ನೋಡಿ ಹೇಳೋಕೆ ಆಗಿರಲಿಲ್ಲ.

ಮಧ್ಯೆ ಒಂದು ಪ್ರಯೋಗ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಮಿಲೆಟ್ ತೆನೆ ನಮ್ಮ ನವಣೆಯೇ. ಬೆಲ್‌ಗ್ರೇವ್ ರಸ್ತೆಯ ಕಿರಾಣಿ ಅಂಗಡಿಯಿಂದ ನವಣೆ, ರಾಗಿ ಎರಡೂ ತಂದು ಮೊಳಕೆ ಬರಿಸಿ ಬಾಣಂತಿಗೆ ಇಟ್ಟೆ. ನವಣೆ ಖಾಲಿ, ರಾಗಿ ಹಾಗೇ ಉಳಿಯಿತು. ಬೇಯಿಸಿದ ಮೊಟ್ಟೆಗೆ ಮಾತ್ರ ಕೈಯಿಂದಲೇ ಕಿತ್ತುಕೊಳ್ಳುತ್ತಿತ್ತು.

ಐದು ವಾರ ದಾಟಿದ ಮೇಲೆ ಗಂಡು ಮರಿಗಳನ್ನು ಅಪ್ಪನ ಕಡೆ ಬಿಟ್ಟೆ. ದಪ್ಪ ಕೈಗವಸು ಹಾಕಿಕೊಂಡು ಕೂತಿದ್ದೆ. ಮೂಸಿತು, ಕಿವಿ ನೆಕ್ಕಿತು, ಅಷ್ಟೇ. ಆಮೇಲೆ ಇಡೀ ಟ್ಯಾಂಕ್ ಅಮ್ಮ-ಮಗಳಿಗೆ ಕೊಟ್ಟು, ಗಂಡುಗಳಿಗೆ ಹಳೆಯದೊಂದು ಟ್ಯಾಂಕ್ ಹತ್ತು ಪೌಂಡಿಗೆ ತಂದೆ. ಒಬ್ಬ ಮಗ ಅಪ್ಪನ ಜೊತೆ ಉಳಿದ. ಇನ್ನಿಬ್ಬರು ನಾಟಿಂಗ್‌ಹ್ಯಾಮಿನ ಕನ್ನಡದ ಮನೆಯೊಂದಕ್ಕೆ ಹೋದರು. ಒಂದೇ ಸಾಕು ಅಂದರು. ಕೊಟ್ಟರೆ ಜೋಡಿಯಾಗಿ, ಇಲ್ಲದಿದ್ದರೆ ಇಲ್ಲ ಅಂದೆ. ಜೋಡಿಯಾಗೇ ತೆಗೆದುಕೊಂಡು ಹೋದರು.