ಇಡ್ಲಿ ಗ್ರೈಂಡರಿನಲ್ಲಿ ತಾಹಿನಿ: ಕುಡ್ಲೆ ಬೀಚಿನಲ್ಲಿ ಹಮ್ಮಸ್ ಮಾಡಿದ ನನ್ನ ಅನುಭವ

ಗ್ರೈಂಡರಿನಲ್ಲಿ ತಾಹಿನಿ, ಅಂದರೆ ಹಮ್ಮಸ್ಸಿಗೆ ಹಾಕುವ ನುಣ್ಣನೆಯ ಎಳ್ಳಿನ ಪೇಸ್ಟು, ಆಗುವುದಿಲ್ಲ, ಕಲ್ಲು ಹಾಳಾಗುತ್ತದೆ, ಮೋಟಾರು ಸುಡುತ್ತದೆ ಎಂದವರು ಗೋಕರ್ಣದಲ್ಲಿ ಒಬ್ಬಿಬ್ಬರಲ್ಲ. ನಮ್ಮ ಭಾವನದೇ ಮೊದಲ ದನಿ. ಈಗ ಸೀಸನ್ನಿನಲ್ಲಿ ಓಂ ಬೀಚಿನ ಎರಡು ಮೂರು ಅಡುಗೆಮನೆಗಳಿಗೆ ನಮ್ಮಲ್ಲಿಂದಲೇ ಡಬ್ಬಿಯಲ್ಲಿ ಹೋಗುತ್ತದೆ. ಮೋಟಾರು ಒಮ್ಮೆ ಸುಟ್ಟದ್ದೂ ನಿಜ, ಅದನ್ನು ಮುಂದೆ ಹೇಳುತ್ತೇನೆ.

ಹಮ್ಮಸ್ಸಿಗೆ ಕಾಬೂಲಿ ಕಡಲೆ ಬೇಯಿಸಿ, ಬೆಳ್ಳುಳ್ಳಿ ಜೀರಿಗೆ ಹಾಕಿ ತಿರುವಿ, ನಿಂಬೆ ಹಿಂಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ನಮ್ಮ ಬೀಚಿನ ಹಮ್ಮಸ್ ಸೋಲುತ್ತಿದ್ದದ್ದು ಎಳ್ಳಿನಲ್ಲಿ. ಹೊರದೇಶದ ತಾಹಿನಿ ಕಿಲೋಗೆ ಹತ್ತಿರ ಹತ್ತಿರ ₹1000. ಅದೂ ಹಳೆಯ ಮಾಲು. ಎಣ್ಣೆ ಮೇಲೆ, ಗಟ್ಟಿ ಗಸಿ ಕೆಳಗೆ, ಬಾಯಿಗಿಟ್ಟರೆ ಕಹಿ. ಅಷ್ಟು ದುಡ್ಡು ಕೊಟ್ಟವರು ಕೈ ಬಿಚ್ಚಿ ಹಾಕುತ್ತಾರೆಯೇ? ಎರಡು ಚಮಚ ಹಾಕಿ, ಉಳಿದದ್ದಕ್ಕೆ ಶೇಂಗಾ ಪೇಸ್ಟು, ಕೆಲವರು ಮಯೊನೇಸು. ಸೈನ್ಯದ ಕೆಲಸ ಮುಗಿಸಿ ಬರುವ ಇಸ್ರೇಲಿ ಹುಡುಗರು ಚಿಕ್ಕಂದಿನಿಂದ ಇದನ್ನೇ ತಿಂದವರು. ಅವರು ಚಮಚ ಮುಟ್ಟುವುದಿಲ್ಲ, ಪಿತಾ ರೊಟ್ಟಿಯ ತುಂಡಿನಿಂದ ತಟ್ಟೆ ಒರೆಸಿ ತಿನ್ನುತ್ತಾರೆ. ಒಂದು ಸಲ ಒರೆಸಿ ತಟ್ಟೆ ಆಚೆ ತಳ್ಳಿದರೆ ಗಿರಾಕಿ ಹೋದ ಹಾಗೆಯೇ.

ಕುಮಟಾದಲ್ಲಿ ಮುಚ್ಚಿಹೋದ ಒಂದು ಹೋಟೆಲಿನಿಂದ ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ ₹3000ದ ಆಸುಪಾಸಿಗೆ ತಂದೆ. ಇಡ್ಲಿ ಹಿಟ್ಟಿನ ಹುಳಿ ವಾಸನೆ ಹೋಗಲು ಒಣ ಅಕ್ಕಿ, ಕಲ್ಲುಪ್ಪು ಹಾಕಿ ತಿರುಗಿಸಿದ್ದಾಯಿತು. ಆಮೇಲೆ ಅದಕ್ಕೆ ನೀರು ಮುಟ್ಟಿಸಿಲ್ಲ. ಇದೇ ಮುಖ್ಯ. ಅರೆಯುವಾಗ ಒಂದು ಚಮಚ ನೀರು ಬಿದ್ದರೂ ತಾಹಿನಿ ಸಿಮೆಂಟಿನ ಹಾಗೆ ಬಿಗಿದುಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಗಾಳಿಯಲ್ಲೇ ನೀರಿರುವ ನಮ್ಮ ಕಡೆ ಮೊದಲ ಕೆಲವು ಸಲ ಹೀಗೇ ಆಗಿ, ನಾಲ್ಕೈದು ಕಿಲೋ ಎಳ್ಳು ಮನೆಯ ಉಂಡೆಗೆ ಹೋಯಿತು. ಈಗ ಕಲ್ಲು, ಪಾತ್ರೆ ಎಲ್ಲವನ್ನೂ ಬಿಸಿಲಿಗಿಟ್ಟೇ ಶುರು ಮಾಡುವುದು.

ಎಳ್ಳು ಹುಬ್ಬಳ್ಳಿಯದು, ಸಿಪ್ಪೆ ತೆಗೆದ ಬಿಳಿ ಎಳ್ಳು, ಕಿಲೋ ₹220-240. ಸಿಪ್ಪೆ ಇದ್ದರೆ ಕಹಿ ಕಟ್ಟಿಟ್ಟದ್ದು. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಮಾತ್ರ ಹುರಿಯಬೇಕು, ಬಣ್ಣ ತಿರುಗಬಾರದು. ಬಿಸಿಯಿದ್ದಾಗಲೇ ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದು, ಆಮೇಲೆ ಗ್ರೈಂಡರಿಗೆ ಸ್ವಲ್ಪ ಸ್ವಲ್ಪವೇ ಸುರಿಯುವುದು. ಮೊದಲ ಕಾಲು ಗಂಟೆ ಗೋಡೆಗೆ ಅಂಟಿಕೊಂಡು ಕಾಡುತ್ತದೆ. ಅಲ್ಲಿಯೇ ಎಲ್ಲರೂ ಕೈ ಬಿಡುವುದು. ಸವರಿ ಸವರಿ ಕೊಡುತ್ತಿದ್ದರೆ ಮುಕ್ಕಾಲು ಗಂಟೆಯಲ್ಲಿ ಎಣ್ಣೆ ಬಿಟ್ಟುಕೊಂಡು ಜೇನಿನಂತೆ ಇಳಿಯುತ್ತದೆ. ಕೊನೆಯ ಐದು ನಿಮಿಷ ನಾನು ಒಂದು ಸಾಮಾನು ಹಾಕುತ್ತೇನೆ, ಅದನ್ನು ಬರೆಯುವುದಿಲ್ಲ. ಮೋಟಾರು ಸುಟ್ಟದ್ದು ಒಂದೇ ಸಲಕ್ಕೆ ಒಂದೂವರೆ ಕಿಲೋ ತುಂಬಿದ ದಿನ. ರಿಪೇರಿಗೆ ₹900 ಚಿಲ್ಲರೆ. ಮುಕ್ಕಾಲು ಕಿಲೋ ಮೀರಿಸದಿದ್ದರೆ ಬೆಲ್ಟೂ ಜಾರುವುದಿಲ್ಲ.

ಕಡಲೆಯ ಬಗ್ಗೆ ಒಂದೇ ಮಾತು. ದೊಡ್ಡ ಕಾಬೂಲಿ ನೋಡಲು ಚಂದ, ಹಮ್ಮಸ್ಸಿಗೆ ಬೇಡ. ಅಂಗಡಿಯಲ್ಲಿ 58-60 ಕೌಂಟ್ ಅಂತ ಕೇಳಿ; ಕಾಳು ಸಣ್ಣದು, ಬೆಲೆಯೂ ಕಡಿಮೆ. ನೆನೆಸುವಾಗ ಕಿಲೋಗೆ ಒಂದು ಚಮಚ ಸೋಡಾ, ಬೇಯುವಾಗ ಅರ್ಧ. ಹೆಚ್ಚಾದರೆ ಸಾಬೂನು ನೆಕ್ಕಿದ ಹಾಗಿರುತ್ತದೆ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಾಗಬೇಕು. ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ನಿಂಬೆರಸದಲ್ಲೇ ಬಿಡಿ, ಹಸಿ ಘಾಟು ಸಾಯುತ್ತದೆ. ತಾಹಿನಿಯನ್ನು ಆ ರಸ ಮತ್ತು ಐಸ್ ನೀರಿನಲ್ಲಿ ಬೇರೆಯೇ ಕದಡಿ ಬೆಳ್ಳಗೆ ಮಾಡಿಕೊಂಡು ಆಮೇಲೆ ಕಡಲೆಗೆ ಸೇರಿಸುವುದು.

ಲೆಕ್ಕ ಹೀಗೆ. ಒಂದು ಕಿಲೋ ಒಣ ಕಡಲೆಗೆ ಮುಕ್ಕಾಲು ಕಿಲೋ ತಾಹಿನಿ. ಹೌದು, ಅಷ್ಟು! ಮೂರೂವರೆ ಕಿಲೋ ಹತ್ತಿರ ಹಮ್ಮಸ್, ಹದಿನೇಳು ತಟ್ಟೆ. ಮೇಲೆ ಸುರಿಯುವ ಆಲಿವ್ ಎಣ್ಣೆಯೂ ಸೇರಿ ತಟ್ಟೆಗೆ ₹35 ಬೀಳುತ್ತದೆ, ಕರೆಂಟು ಬೇರೆ. ಡಬ್ಬಿಯ ತಾಹಿನಿಯಾದರೆ ₹65 ದಾಟುತ್ತಿತ್ತು. ಮಾರುವುದು ₹230ಕ್ಕೆ. ಇಸ್ರೇಲಿನ ಯಾಫೋದಲ್ಲಿ ಅಬು ಹಸನ್ ಅಂತ ಹೆಸರುವಾಸಿ ಅಂಗಡಿಯಿದೆ, ಪಾತ್ರೆ ಖಾಲಿಯಾದ ಮೇಲೆ ಬಾಗಿಲು ಹಾಕುತ್ತಾರಂತೆ. ನಾನೂ ಸಂಜೆಗೆ ಉಳಿಸುವುದಿಲ್ಲ. ಫ್ರಿಜ್ಜಿನ ಹಮ್ಮಸ್ ಕೊಟ್ಟು ಹೆಸರು ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇದು ಯಾರ ತಿಂಡಿ ಎಂಬ ಜಗಳಕ್ಕೆ ಮಾತ್ರ ಕೈ ಹಾಕಬೇಡಿ. 2010ರ ಜನವರಿಯಲ್ಲಿ ಇಸ್ರೇಲಿನ ಅಬು ಗೋಶ್ ಎಂಬ ಅರಬ್ ಊರಿನವರು ನಾಲ್ಕು ಟನ್ ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಮಾಡಿದರೆ, ಮೇ ತಿಂಗಳಲ್ಲಿ ಲೆಬನಾನಿನವರು 10,452 ಕಿಲೋ ಮಾಡಿ ಅದನ್ನು ಕಿತ್ತುಕೊಂಡರು. ಲೆಬನಾನಿನ ವಿಸ್ತೀರ್ಣವೂ ಅಷ್ಟೇ ಚದರ ಕಿಲೋಮೀಟರು! ನಮ್ಮಲ್ಲಿ ಊಟಕ್ಕೆ ಕೂತವರು ಕೇಳಿದರೆ ನಾನು ಕಡಲೆ ಕಾಬೂಲಿ, ಎಳ್ಳು ಹುಬ್ಬಳ್ಳಿ ಎಂದು ಹೇಳಿ ಜಾರಿಕೊಳ್ಳುತ್ತೇನೆ.

ಖಾರದ ವಿದ್ಯೆ ಬಂದದ್ದು ಹಂಪಿ ಕಡೆಯಿಂದ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ವಿರೂಪಾಪುರ ಗಡ್ಡಿಯ ಹೋಟೆಲುಗಳನ್ನು ಒಡೆದರಲ್ಲ, ಅಲ್ಲಿದ್ದ ಒಬ್ಬ ಅಡುಗೆಯವ ನಮ್ಮಲ್ಲಿಗೆ ಬಂದ. ಅವನು ಕಲಿಸಿದ ಸ್ಖುಗ್ ಅಂದರೆ ಯೆಮೆನ್ ಯಹೂದಿಗಳ ಚಟ್ನಿ: ಹಸಿಮೆಣಸು, ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಏಲಕ್ಕಿ. ಕೊನೆಯ ಎರಡು ಶಿರಸಿ ಕಡೆಯವು, ನಮಗೆ ಮನೆಬಾಗಿಲಿನ ಮಾಲು. ಮಿಕ್ಸಿಯಲ್ಲಿ ನೀರು ಬಿಟ್ಟು ಹಸಿರು ರಾಡಿಯಾಗುತ್ತದೆ. ಅರೆಯುವ ಕಲ್ಲಿನ ಮೇಲೆ ತರಿಯಾಗಿ ಅರೆದು ಮೇಲೆ ಎಣ್ಣೆ ನಿಲ್ಲಿಸಿದರೆ ಫ್ರಿಜ್ಜಿನಲ್ಲಿ ವಾರವಂತೂ ಕೆಡುವುದಿಲ್ಲ. ಕೆಂಪು ಸ್ಖುಗ್‌ಗೆ ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು. 'ಹರೀಫ್?' (ಹೀಬ್ರೂವಿನಲ್ಲಿ ಖಾರ) ಎಂದು ಕೇಳಿ, ಇಂಡಿಯಾದ ಖಾರ ನೋಡಿದ್ದೇವೆ ಎಂದು ಬೀಗುವವರಿಗೆ ಮಾತ್ರ ಗುಂಟೂರು ಜಾಸ್ತಿ.

ಹುರುಳಿಯಲ್ಲೂ ಹಮ್ಮಸ್ ಮಾಡಿ ನೋಡಿದೆ. ಕೆಸರಿನ ಬಣ್ಣ, ಒಬ್ಬರೂ ಮುಟ್ಟಲಿಲ್ಲ. ಮನೆಯವರು ಗಂಜಿಗೆ ಹಚ್ಚಿಕೊಂಡು ಮುಗಿಸಿದರು. ಫಲಾಫೆಲ್ ಎಂಬ ವಡೆಗೆ ಕಡಲೆ ಬೇಯಿಸದೆ ನೆನೆಸಿ ಅರೆಯುವುದಾದ್ದರಿಂದ ಅಂಬೊಡೆ ಮಾಡುವ ಅಮ್ಮನಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ.

ಈಗ ಬೆನ್ನು ಹತ್ತಿರುವುದು ಅಂಬಾ ಎಂಬ ಮಾವಿನ ಸಾಸಿಗೆ. ನಮ್ಮ ಮಾವಿನುಪ್ಪಿನಕಾಯಿಯೇ ಮುಂಬೈಯೊಡನೆ ವ್ಯಾಪಾರವಿದ್ದ ಬಾಗ್ದಾದಿ ಯಹೂದಿಗಳ ಕೈಯಲ್ಲಿ ಇರಾಕಿಗೆ ಹೋಯಿತೆನ್ನುತ್ತಾರೆ. 1950-51ರಲ್ಲಿ ಇರಾಕಿನ ಯಹೂದಿಗಳು ವಲಸೆ ಹೋದಾಗ ಇಸ್ರೇಲಿಗೂ ತಲುಪಿತು. ಹುರಿದ ಬದನೆ, ಬೇಯಿಸಿದ ಮೊಟ್ಟೆ ತುಂಬಿದ ಸಬೀಖ್ ಎಂಬ ಪಿತಾ ರೊಟ್ಟಿಗೆ ಅದಿಲ್ಲದೆ ಆಗದು. ಅಪ್ಪೆಮಿಡಿಯಲ್ಲಿ ಮಾಡಿದರೆ ಸೊನೆಯ ಪರಿಮಳ ಉಳಿದದ್ದನ್ನೆಲ್ಲ ನುಂಗಿತು, ದುಡ್ಡೂ ದಂಡ. ತೋತಾಪುರಿ ಕಾಯಿ ಸರಿ ಬಂತು: ಉಪ್ಪಿನಲ್ಲಿಟ್ಟು, ಬಿಸಿಲಿಗೆ ಹಾಕಿ, ಅರಿಶಿನ, ಸಾಸಿವೆ, ಮೆಂತ್ಯ. ಮೆಂತ್ಯದ ಅಳತೆ ಹೇಳುವುದಿಲ್ಲ, ಹೆಚ್ಚಾದರೆ ಮರುದಿನ ಬೆವರೇ ಹೇಳುತ್ತದೆ. ಸಬೀಖ್ ಈ ಸಲ ಮೆನುವಿನಲ್ಲಿದೆ, ₹200. ಬದನೆ ಕುಡಿಯುವ ಎಣ್ಣೆಯ ಲೆಕ್ಕ ಮಾತ್ರ ಇನ್ನೂ ಹೊಂದುತ್ತಿಲ್ಲ ಮಾರಾಯ್ರೆ, ಯಾರಾದರೂ ದಾರಿ ಕಂಡಿದ್ದರೆ ಹೇಳಿ.