ಸೈಕಲ್ ಒರೆಸುವುದೂ ಟ್ರೈನಿಂಗೇ: ಮೊದಲ ಟ್ರಯಥ್ಲಾನ್‌ಗೆ ಹೊರಟವರಿಗೆ

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಬರುವ ರೇಸ್. ಹೆಸರು ಕೇಳಿದ ಕೂಡಲೇ ಜನ ಐರನ್‌ಮ್ಯಾನ್ ಅನ್ನುವ ಉದ್ದದ ರೇಸ್ ನೆನೆಸಿಕೊಂಡು ಹೆದರುತ್ತಾರೆ. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ ಪೂರಾ ಮ್ಯಾರಥಾನ್. ಅದನ್ನು ಸದ್ಯಕ್ಕೆ ಮರೆತುಬಿಡಿ. ಹೊಸಬರಿಗೆ ಇರುವುದು ಸ್ಪ್ರಿಂಟ್. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಅರ್ಧ ಗಂಟೆ ಬಿರುಸಾಗಿ ನಡೆಯಬಲ್ಲವರು, ಸ್ವಲ್ಪ ಈಜು ಬರುವವರು, ಮೂರು ನಾಲ್ಕು ತಿಂಗಳು ತಪ್ಪದೆ ಅಭ್ಯಾಸ ಮಾಡಿದರೆ ಇದನ್ನು ಮುಗಿಸಬಹುದು. ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ.

ನನ್ನದು ಮೈಸೂರಿನ ಕುವೆಂಪುನಗರದಲ್ಲಿ ಒಂದು ಜೆರಾಕ್ಸ್ ಅಂಗಡಿ. ವಯಸ್ಸು ನಲವತ್ತು ದಾಟಿದೆ. ನಮ್ಮ ಗುಂಪಿನಲ್ಲಿ ಅಂಚೆ ಇಲಾಖೆಯಿಂದ ರಿಟೈರ್ ಆದ ಒಬ್ಬ ಅಂಕಲ್ ಇದ್ದಾರೆ. ನೈಟ್ ಡ್ಯೂಟಿ ಮುಗಿಸಿ ನೇರ ಈಜುಕೊಳಕ್ಕೆ ಬರುವ ನರ್ಸ್ ಅಕ್ಕ ಇದ್ದಾರೆ. ಒಬ್ಬ ಹೈಸ್ಕೂಲ್ ಟೀಚರ್, ಇಬ್ಬರು ಹಾಸ್ಟೆಲ್ ಹುಡುಗರು. ಯಾರೂ ಕ್ರೀಡಾಪಟುಗಳಲ್ಲ. ಅಂಕಲ್‌ಗೆ ಈಜು ಗೊತ್ತು, ಊರ ಬಾವಿಯಲ್ಲಿ ಕಲಿತದ್ದು. ನರ್ಸ್ ಅಕ್ಕನಿಗೆ ಯಾವ ನೋವಿಗೆ ಓಡಬಹುದು, ಯಾವ ನೋವಿಗೆ ಮನೆಯಲ್ಲಿರಬೇಕು ಅನ್ನುವುದು ಗೊತ್ತು. ಹುಡುಗರಿಗೆ ಓಟ. ನನಗೆ ಮೆಶಿನ್ನು. ದಿನಾ ರೋಲರ್ ಒರೆಸಿ ಒರೆಸಿ ಕೈ ಪಳಗಿದೆ.

ಹಾಗಾಗಿ ಇಲ್ಲಿ ಸೈಕಲ್ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಅದಕ್ಕೆ ಕಾರಣವೂ ಇದೆ. ಹೊಸಬರು ಸ್ಪ್ರಿಂಟ್ ಮಾಡುವಾಗ ಹೆಚ್ಚುಕಡಿಮೆ ಅರ್ಧ ಹೊತ್ತು ಸೈಕಲ್ ಮೇಲೇ ಹೋಗುತ್ತದೆ. ಕಾಲು ನೋವು ಮಲಗೆದ್ದರೆ ಇಳಿಯುತ್ತದೆ. ಒಣಗಿದ ಚೈನು ಎಷ್ಟು ದಿನ ಮಲಗಿದರೂ ಸರಿಹೋಗುವುದಿಲ್ಲ. ನಮ್ಮ ವೇಳಾಪಟ್ಟಿಯಲ್ಲಿ ಶನಿವಾರ ಸಂಜೆ 'ಸೈಕಲ್ ಕೆಲಸ' ಅಂತ ಬರೆದಿದೆ. ಈಜು, ಓಟದ ಹಾಗೆ ಅದಕ್ಕೂ ಹಾಜರಾತಿ ಉಂಟು.

ವಾರ ಹೇಗಿರಬೇಕು

ಎರಡು ದಿನ ಈಜು, ಎರಡು ದಿನ ಓಟ, ಎರಡು ದಿನ ಸೈಕಲ್, ಒಂದು ದಿನ ಪೂರ್ತಿ ರಜೆ. ಭಾನುವಾರದ ಸೈಕಲ್ ಉದ್ದ ಇರಲಿ, ವಾರದ ನಡುವಿನದು 40 ನಿಮಿಷ ಸಾಕು. ಪ್ರತಿ ನಾಲ್ಕನೇ ವಾರ ಎಲ್ಲವನ್ನೂ ಕಡಿಮೆ ಮಾಡಿ. ಮಾತಾಡಿಕೊಂಡು ಓಡಲು ಆಗದಷ್ಟು ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಶುರುವಿನ ಎರಡು ತಿಂಗಳು ಹರಟೆ ಹೊಡೆಯುತ್ತಲೇ ಓಡಿ. ನಾವು ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತೇವೆ. ಮಣ್ಣಿನ ದಾರಿ, ಮೊಣಕಾಲಿಗೆ ಹಿತ.

ಈಜಿಗೆ ಸರಸ್ವತಿಪುರಂನ ಯೂನಿವರ್ಸಿಟಿ ಈಜುಕೊಳ. ಕೊಳ 50 ಮೀಟರ್ ಇದ್ದರೆ 15 ಉದ್ದ, 25 ಮೀಟರ್ ಇದ್ದರೆ 30 ಉದ್ದ. ಅಷ್ಟೇ ಲೆಕ್ಕ. ಫ್ರೀಸ್ಟೈಲ್ ಬರದಿದ್ದರೂ ಚಿಂತೆ ಬೇಡ. ಟ್ರಯಥ್ಲಾನ್‌ನಲ್ಲಿ ಯಾವ ಶೈಲಿಯಲ್ಲಿ ಬೇಕಾದರೂ ಈಜಬಹುದು. ಸುಸ್ತಾದರೆ ಕಾವಲು ದೋಣಿ ಹಿಡಿದು ನಿಂತು ದಣಿವಾರಿಸಿಕೊಳ್ಳಬಹುದು. ಹಿಡಿದುಕೊಂಡು ಮುಂದೆ ಸಾಗುವಂತಿಲ್ಲ, ಅಷ್ಟೆ. ಇದು ಗೊತ್ತಾದ ದಿನ ನಮ್ಮ ಟೀಚರ್ ಮುಖ ಅರಳಿತು. ಹೊಸಬರ ದೊಡ್ಡ ತೊಂದರೆ ಉಸಿರು ಹಿಡಿಯುವುದು. ಮುಖ ನೀರೊಳಗಿರುವಾಗ ಗುಳುಗುಳು ಅಂತ ಉಸಿರು ಬಿಡುತ್ತಲೇ ಇರಿ. ಆಗ ಮುಖ ತಿರುಗಿಸಿದಾಗ ಬರೀ ಒಳಗೆ ಎಳೆದುಕೊಂಡರೆ ಸಾಕು. ಕೆರೆಯಲ್ಲಿ, ಸಮುದ್ರದಲ್ಲಿ ತಳದ ಗೆರೆ ಕಾಣುವುದಿಲ್ಲ. ಆರೆಂಟು ಕೈಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆತ್ತಿ ದಿಕ್ಕು ನೋಡುವುದನ್ನು ಕೊಳದಲ್ಲೇ ರೂಢಿ ಮಾಡಿಕೊಳ್ಳಿ. ಅಭ್ಯಾಸಕ್ಕೆ ಅಂತ ನಾಲೆಗೋ ಹಿನ್ನೀರಿಗೋ ಇಳಿಯಬೇಡಿ. ನಾಲೆಯ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಈಜು ಬಂದವರನ್ನೂ ಅದು ಎಳೆದುಕೊಂಡು ಹೋಗುತ್ತದೆ.

ಶನಿವಾರ ಸಂಜೆ

ಸೈಕಲ್ ಯಾವುದಾದರೂ ಆದೀತು. ನನ್ನದು ಸಾಧಾರಣ ಹೈಬ್ರಿಡ್. ಟೀಚರ್ ಅಂತೂ ಮೈಸೂರಿನ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲಿನಲ್ಲೇ ಅಭ್ಯಾಸ ಶುರು ಮಾಡಿದವರು. ಅಳತೆ ಮಾತ್ರ ಸರಿಯಿರಬೇಕು. ಸೀಟಿನ ಎತ್ತರ ನೋಡಲು ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರಾ ಕೆಳಗಿಳಿಸಿ, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲು ತಾನಾಗಿ ಸ್ವಲ್ಪ ಬಾಗಿರುತ್ತದೆ. ಎಷ್ಟೋ ಜನ ನೆಲಕ್ಕೆ ಕಾಲು ಎಟುಕಲಿ ಅಂತ ಸೀಟು ತಗ್ಗಿಸಿ, ಆಮೇಲೆ ಮೊಣಕಾಲು ನೋವಿಗೆ ಎಣ್ಣೆ ತಿಕ್ಕುತ್ತಾರೆ.

ಈಗ ಚೈನು. ಹೊಸಬರು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಇದನ್ನೇ, ಅದೂ ಎಣ್ಣೆ ಜಾಸ್ತಿ ಹಾಕಿ. ಚೈನು ಸವೆಯುವುದು ಒಳಗೆ, ಕೊಂಡಿಗಳನ್ನು ಜೋಡಿಸುವ ಪಿನ್ನಿಗೂ ಅದರ ಸುತ್ತ ತಿರುಗುವ ಚಿಕ್ಕ ರೋಲರಿಗೂ ನಡುವೆ. ಎಣ್ಣೆ ಬೇಕಾದದ್ದು ಅಲ್ಲಿಗೆ ಮಾತ್ರ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿದು ಕಪ್ಪು ಪೇಸ್ಟ್ ಆಗುತ್ತದೆ. ಆ ಪೇಸ್ಟು ಉಪ್ಪುಕಾಗದದ ಹಾಗೆ ಹಲ್ಲುಗಳನ್ನು ತಿನ್ನುತ್ತದೆ. ಆದ್ದರಿಂದ ಮೊದಲು ಒರೆಸಿ. ಹಳೆ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ತುಂಬಾ ಕೊಳೆಯಾಗಿದ್ದರೆ ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ತೊಳೆದು, ಪೂರ್ತಿ ಒಣಗಲು ಬಿಡಿ. ಒದ್ದೆ ಚೈನಿಗೆ ಎಣ್ಣೆ ಹಾಕಿದರೆ ಒಳಗೆ ಇಳಿಯುವುದಿಲ್ಲ.

ಒಣಗಿದ ಮೇಲೆ ಕೆಳಗಿನ ಸಾಲಿನ ಒಳಮೈಗೆ, ಒಂದೊಂದು ರೋಲರಿಗೆ ಒಂದೊಂದು ಹನಿ. ಅವಸರ ಬೇಡ. ಒಂದು ಸುತ್ತು ಮುಗಿದ ಮೇಲೆ ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒಂದು ನಿಮಿಷ ಬಿಡಿ. ಕಾಫಿ ಕುಡಿದು ಬನ್ನಿ. ಬಂದ ಮೇಲೆ ಒಣ ಬಟ್ಟೆಯಲ್ಲಿ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ. ಬೆರಳಿಟ್ಟರೆ ತುಸು ಜಿಡ್ಡು ತಾಕಬೇಕು, ಕಪ್ಪು ಹತ್ತಬಾರದು. ಬೇಸಿಗೆಗೆ ಡ್ರೈ ಲ್ಯೂಬ್, ಮಳೆಗಾಲಕ್ಕೆ ವೆಟ್ ಲ್ಯೂಬ್. ಎರಡೂ ಚೈನಿಗೆಂದೇ ಇರುವ ಎಣ್ಣೆಗಳು, ಸೈಕಲ್ ಅಂಗಡಿಯಲ್ಲಿ ಸಿಗುತ್ತವೆ. ಕೊಬ್ಬರಿ ಎಣ್ಣೆ ಬೇಡ, ಸ್ಕೂಟರಿನ ಹಳೆ ಎಂಜಿನ್ ಆಯಿಲ್ ಬೇಡವೇ ಬೇಡ. ತುಕ್ಕು ಬಿಡಿಸುವ ಸಾಧಾರಣ ಡಬ್ಲ್ಯೂಡಿ-40 ಸ್ಪ್ರೇ ಚೈನ್ ಲ್ಯೂಬ್ ಅಲ್ಲ. ನೀರು ಓಡಿಸುವುದು, ಬಿಗಿದದ್ದನ್ನು ಸಡಿಲಿಸುವುದು ಅದರ ಕೆಲಸ.

ಚೈನು ಸವೆದಿದೆಯೋ ಇಲ್ಲವೋ ತಿಳಿಯಲು ನನ್ನ ಅಂಗಡಿಯ 12 ಇಂಚಿನ ಸ್ಟೀಲ್ ಸ್ಕೇಲ್ ಸಾಕು. ಪೆಡಲ್ ಒತ್ತಿ ಚೈನನ್ನು ಬಿಗಿಯಾಗಿ ಹಿಡಿಯಿರಿ. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಅಲ್ಲಿಂದ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳ ಸೆಟ್ಟನ್ನೂ ಬಹುಶಃ ಬದಲಿಸಬೇಕಾಗುತ್ತದೆ. ಚೈನಿಗೆ ಹೋಗುವ ದುಡ್ಡು ಕಡಿಮೆ, ಸೆಟ್ಟಿಗೆ ಹೋಗುವುದು ಜಾಸ್ತಿ. ಅದಕ್ಕೇ ಸ್ಕೇಲು.

ಟೈರಿನ ಪಕ್ಕದಲ್ಲಿ ಎಷ್ಟು ಗಾಳಿ ಅಂತ ಬರೆದಿರುತ್ತದೆ. ಗರಿಷ್ಠ ಬರೆದಿದೆ ಅಂತ ಅಷ್ಟು ತುಂಬಬೇಕಿಲ್ಲ. ನಾನು 60 ಕೆಜಿ ಇದ್ದೇನೆ. 28 ಮಿಲಿಮೀಟರ್ ಟೈರಿಗೆ ಮುಂದೆ 65, ಹಿಂದೆ 70 ಪಿಎಸ್‌ಐ ಇಡುತ್ತೇನೆ. ಭಾರ ಜಾಸ್ತಿ ಇದ್ದರೆ ಇನ್ನಷ್ಟು ಬೇಕು. ಗಾಳಿ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಆ ಜೋಡಿ ತೂತು ಕಂಡರೆ ಮುಳ್ಳು ಹುಡುಕಬೇಡಿ, ಪಂಪ್ ಹುಡುಕಿ. ರೋಡ್ ಸೈಕಲ್ಲಿನ ಸಪೂರ ಪ್ರೆಸ್ಟಾ ವಾಲ್ವಿಗೆ ಪಂಕ್ಚರ್ ಅಂಗಡಿಯ ಪಂಪ್ ಕೂರುವುದಿಲ್ಲ. ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಒಂದನ್ನು ಸದಾ ಚೀಲದಲ್ಲಿಡಿ.

ಬ್ರೇಕ್ ಶೂ ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗಲ್ಲ. ಶೂ ಒಳಗೆ ಸಿಕ್ಕಿದ ಮರಳು, ಲೋಹದ ಚೂರುಗಳನ್ನು ಪಿನ್ನಿನಿಂದ ಕೀಳಿ. ಶೂ ಮೇಲಿನ ಗೆರೆ ಸವೆದಿದ್ದರೆ ಬದಲಿಸಿ. ಡಿಸ್ಕ್ ಬ್ರೇಕ್ ಇದ್ದರೆ ಎಣ್ಣೆ ಕೈಯಲ್ಲಿ ಡಿಸ್ಕ್ ಮುಟ್ಟಬೇಡಿ. ಗೇರು ದೊಡ್ಡ ಹಲ್ಲಿಗೆ ಏರಲು ತಡ ಮಾಡಿದರೆ, ಹಿಂದಿನ ಕೇಬಲ್ ತುದಿಯಲ್ಲಿ ಕೈಯಿಂದ ತಿರುಗಿಸುವ ಚಿಕ್ಕ ಗುಬ್ಬಿ, ಅಂದರೆ ಬ್ಯಾರೆಲ್ ಅಡ್ಜಸ್ಟರನ್ನು ಕಾಲು ಸುತ್ತು ಬಿಚ್ಚುವ ದಿಕ್ಕಿಗೆ ತಿರುಗಿಸಿ ನೋಡಿ. ಕೇಬಲ್ ಬಿಗಿಯಾಗುತ್ತದೆ. ಅದರ ಪಕ್ಕದ ಚಿಕ್ಕ ಸ್ಕ್ರೂಗಳನ್ನು ಸುಮ್ನೆ ಬಿಡಿ. ಕಡ್ಡಿ ಬಿಗಿಯುವುದು, ಬೆಂಡ್ ತೆಗೆಯುವುದು ಅಂಗಡಿಯವರ ಕೆಲಸ. ಅದಕ್ಕೆ ಕಿವಿ ಬೇಕು, ವರ್ಷಗಳು ಬೇಕು. ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಅನ್ನುವುದು ನೆನಪಿರಲಿ. ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಸ್ಕೂಟರ್ ತೊಳೆಯುವ ವಾಟರ್ ಸರ್ವಿಸ್‌ಗೆ ಸೈಕಲ್ ಕೊಡಬೇಡಿ. ಆ ರಭಸಕ್ಕೆ ನೀರು ಬೇರಿಂಗ್ ಒಳಗೆ ನುಗ್ಗಿ ಗ್ರೀಸ್ ಹೋಗುತ್ತದೆ.

ಬಾಯಿ ಉಂಟು, ಕೈ ಇಲ್ಲ

ಪಂಕ್ಚರ್ ಹಾಕುವಾಗ ನಮ್ಮಲ್ಲಿ ಒಂದೇ ನಿಯಮ. ಸುತ್ತ ನಿಂತವರು ಬಾಯಲ್ಲಿ ಹೇಳಬಹುದು, ಕೈ ಹಾಕುವಂತಿಲ್ಲ. ಒಳ್ಳೆಯವರಾಗಿ "ಕೊಡಿ ಇಲ್ಲಿ" ಅಂತ ಕಿತ್ತುಕೊಂಡು ಮಾಡಿಕೊಟ್ಟರೆ ಅವರು ಕಲಿಯುವುದು ಯಾವಾಗ? ರೇಸಿನಲ್ಲಿ ಹೊರಗಿನವರ ಸಹಾಯ ಪಡೆಯುವಂತಿಲ್ಲ, ಅಲ್ವಾ? ಹುಡುಗರಿಗೆ ಈ ನಿಯಮ ಮಹಾ ಕಷ್ಟ. ಅಂಕಲ್ ಟ್ಯೂಬ್ ಜೊತೆ ಒದ್ದಾಡುವಾಗ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ನೋಡಲು ಚೆಂದ.

ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲಿಗೆ ಇಳಿಸಿ ಚಕ್ರ ತೆಗೆಯಿರಿ. ವಾಲ್ವಿನ ಎದುರು ಬದಿಯಿಂದ ಟೈರ್ ಲಿವರ್ (ಟೈರ್ ಎಬ್ಬಿಸುವ ಪಟ್ಟಿ) ಹಾಕಿ ಒಂದು ಕಡೆ ಮಾತ್ರ ಬಿಡಿಸಿ. ಹೊಸ ಟ್ಯೂಬ್ ಹಾಕುವ ಅವಸರದಲ್ಲಿ ಟೈರಿನ ಒಳಮೈಯನ್ನು ಬೆರಳಿನಿಂದ ಸವರದೆ ಬಿಡಬೇಡಿ. ಜಾಲಿ ಮುಳ್ಳಿನ ತುದಿಯೋ, ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ತಂತಿಯೋ ಅಲ್ಲೇ ಕೂತಿರುತ್ತದೆ. ಹೊಸ ಟ್ಯೂಬಿಗೆ ತುಸುವೇ ಗಾಳಿ ಹೊಡೆದು ಒಳಗೆ ಕೂರಿಸಿದರೆ ಮಡಿಕೆ ಬೀಳುವುದಿಲ್ಲ. ಟೈರ್ ವಾಪಸ್ ಹಾಕಲು ಹೆಬ್ಬೆರಳು ಸಾಕು. ಲಿವರ್ ಹಾಕಿದರೆ ಟ್ಯೂಬ್ ಕಚ್ಚಬಹುದು. ಟೈರೇ ಸೀಳಿದ್ದರೆ ಒಳಗೆ ಹತ್ತು ರೂಪಾಯಿ ನೋಟು ಮಡಿಸಿಟ್ಟು ಮನೆ ತಲುಪಬಹುದು. ಹಳೆ ಟ್ಯೂಬಿಗೆ ಮನೆಯಲ್ಲಿ ಪ್ಯಾಚ್ ಹಾಕಿ. ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗಿದ ಮೇಲೆ ಅಂಟಿಸಿ. ಹಸಿ ಇರುವಾಗಲೇ ಅಂಟಿಸಿದ ಪ್ಯಾಚು ಸುಲಭಕ್ಕೆ ಬಿಟ್ಟುಕೊಳ್ಳುತ್ತದೆ.

ಭಾನುವಾರ ನಸುಕಿಗೆ ನಂಜನಗೂಡು ಕಡೆ ಹೊರಡುತ್ತೇವೆ, ಕೆಲವು ವಾರ ಚಾಮುಂಡಿ ಬೆಟ್ಟ. ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಸೈಕಲ್ಲಿಗೆ ಅವಕಾಶವಿಲ್ಲ, ಆ ಕಡೆ ಹೋಗುವುದಾದರೆ ಸರ್ವಿಸ್ ರೋಡು. ಹೆಲ್ಮೆಟ್, ಹಿಂದೆ ಕೆಂಪು ಲೈಟು ಇಲ್ಲದವರನ್ನು ಕರೆದೊಯ್ಯುವುದಿಲ್ಲ. ಒಂದೇ ಸಾಲು. ಮುಂದಿನವರು "ಗುಂಡಿ!", "ಹಂಪು!" ಅಂತ ಕೂಗುತ್ತಾರೆ, ಕೂಗು ಕೊನೆಯವರೆಗೆ ದಾಟಬೇಕು. ಪಂಪ್ ಮತ್ತು ಟೂಲು ಇರುವವರು ಎಲ್ಲರಿಗಿಂತ ಹಿಂದೆ. ಬೆಟ್ಟದಲ್ಲಿ ವೇಗದವರು ಮುಂದೆ ಹೋಗಲಿ, ಆದರೆ ನಂದಿಯ ಹತ್ತಿರ ಕಾಯಬೇಕು. ಹಿಂದಿನವರು ಬಂದ ಕೂಡಲೇ ಹೊರಡುವುದೂ ಬೇಡ. ಕೊನೆಗೆ ಬಂದವರಿಗೇ ವಿಶ್ರಾಂತಿ ಸಿಗದ ಹಾಗಾಗುತ್ತದೆ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರದೆ, ತಿರುವಿಗೆ ಮೊದಲು ಎರಡೂ ಬ್ರೇಕ್ ಹಿಡಿದು ವೇಗ ತಗ್ಗಿಸಿ, ಆಮೇಲೆ ಬ್ರೇಕ್ ಬಿಡಿ.

ಕೊನೆಯ ಆರು ವಾರ ಸೈಕಲ್ ಇಳಿದ ತಕ್ಷಣ ಒಂದೆರಡು ಕಿಲೋಮೀಟರ್ ಓಡಿ. ಇದಕ್ಕೆ ಬ್ರಿಕ್ ಅನ್ನುತ್ತಾರೆ. ಮೊದಲ ಕೆಲವು ನಿಮಿಷ ಕಾಲು ನಿಮ್ಮದೇ ಅನ್ನಿಸುವುದಿಲ್ಲ. ಚಿಕ್ಕ ಚಿಕ್ಕ ಹೆಜ್ಜೆ ಇಟ್ಟರೆ ಸರಿಹೋಗುತ್ತದೆ. ಸೈಕಲ್ಲಿನ ಕೊನೆಯ ಕಿಲೋಮೀಟರಿನಲ್ಲಿ ಹಗುರ ಗೇರಿಗೆ ಇಳಿದು ಕಾಲು ಬೇಗ ಬೇಗ ತಿರುಗಿಸುವುದೂ ಒಳ್ಳೆಯದು.

ರೇಸಿನ ದಿನ

ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಜಾಗಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ಅದನ್ನು ಪಾರ್ಕಿಂಗಿನಲ್ಲಿ ಟವೆಲ್ ಹಾಸಿ ಅಭ್ಯಾಸ ಮಾಡಿ. ಹೆಲ್ಮೆಟ್ ಬಕಲ್ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು. ವಾಪಸ್ ಬಂದು ಸೈಕಲ್ ನಿಲ್ಲಿಸಿದ ಮೇಲೆಯೇ ಬಕಲ್ ಬಿಚ್ಚಬೇಕು. ಟ್ರಾನ್ಸಿಷನ್‌ನಿಂದ ಹೊರಹೋಗುವಲ್ಲಿ ಎಳೆದ ಗೆರೆ ದಾಟುವ ಮುನ್ನ ಸೈಕಲ್ ಏರುವಂತಿಲ್ಲ. ಇಯರ್‌ಫೋನ್ ಇಲ್ಲ. ಡ್ರಾಫ್ಟಿಂಗ್ ನಿಷೇಧ ಇರುವ ರೇಸಿನಲ್ಲಿ ಮುಂದಿನ ಸೈಕಲ್ಲಿಗೆ ಅಂಟಿಕೊಂಡು ಹೋದರೆ ದಂಡ. ಎಷ್ಟು ಮೀಟರ್ ಅಂತರ ಅನ್ನುವುದನ್ನು ಆ ರೇಸಿನ ನಿಯಮದಲ್ಲಿ ಓದಿಕೊಳ್ಳಿ.

ಹಿಂದಿನ ದಿನ ಹೊಸ ಟೈರು, ಹೊಸ ಸೀಟು, ಹೊಸ ಶೂ ಯಾವುದೂ ಬೇಡ. ತಿಂಡಿ ರೂಢಿಯದ್ದೇ ಇರಲಿ, ಎರಡು ಮೂರು ಗಂಟೆ ಮೊದಲು. ನಾನು ಇಡ್ಲಿ, ಒಂದು ಬಾಳೆಹಣ್ಣು ತಿನ್ನುತ್ತೇನೆ. ಸೈಕಲ್ ಬಾಟಲಿಯಲ್ಲಿ ಉಪ್ಪು, ಸಕ್ಕರೆ ಹಾಕಿದ ನಿಂಬೆ ನೀರು. ಸೈಕಲ್ಲನ್ನು ಟ್ರಾನ್ಸಿಷನ್‌ನಲ್ಲಿ ನಿಲ್ಲಿಸುವಾಗಲೇ ಹಗುರ ಗೇರಿಗೆ ಹಾಕಿಡಿ. ಬಿಸಿಲಿನಲ್ಲಿ ನಿಲ್ಲುವ ಹಾಗಿದ್ದರೆ ಗಾಳಿ ಒಂದೆರಡು ಪಿಎಸ್‌ಐ ಕಡಿಮೆ ಇರಲಿ.

ಮುಗಿದ ಮೇಲೆ ಮೆಡಲ್ ಫೋಟೋ ಎಲ್ಲ ತೆಗೆಸಿಕೊಳ್ಳಿ. ಆದರೆ ಅದೇ ಸಂಜೆ ಸೈಕಲ್ ಒರೆಸಿ. ಹ್ಯಾಂಡಲ್ ಮೇಲೆ, ಅದರ ಬೋಲ್ಟುಗಳ ಮೇಲೆ ಬಿದ್ದ ಬೆವರು ಉಪ್ಪು. ಸಮುದ್ರದ ದಂಡೆಯ ರೇಸಾದರೆ ಕೇಳುವುದೇ ಬೇಡ. ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಚೈನಿಗೆ ಹನಿ ಎಣ್ಣೆ ಹಾಕುವುದು ಮರುದಿನಕ್ಕಾದರೂ ಆದೀತು.