ಫಾಲ್ಸ್ ಹತ್ರ ಬೋಟ್ ಹೊತ್ಕೊಂಡು ನಡೀರಿ: ವೈಟ್ ಸಾಲ್ಮನ್ ನದೀಲಿ ರಾಫ್ಟಿಂಗ್ ಮಾಡೋದು ಹೇಗೆ

ದಾಂಡೇಲಿ ಕಾಳಿ ನದೀಲೋ ಮಳೆಗಾಲದಲ್ಲಿ ಕೊಡಗಿನ ಬರಪೊಳೇಲೋ ಒಂದ್ಸಲ ರಾಫ್ಟಿಂಗ್ ಮಾಡಿದೋರಿಗೆ ಆ ನೀರಿನ ಹುಚ್ಚು ಬಿಡಲ್ಲ, ನನಗೂ ಬಿಡ್ಲಿಲ್ಲ. ಅಮೆರಿಕಾದ ಪೋರ್ಟ್‌ಲ್ಯಾಂಡ್ ಹತ್ರ ಬಂದು ನೆಲೆಸಿದ್ಮೇಲೆ ಮನಸ್ಸು ಹೋಗಿದ್ದು ಪಕ್ಕದ ವಾಷಿಂಗ್ಟನ್ ರಾಜ್ಯದ ವೈಟ್ ಸಾಲ್ಮನ್ ನದಿ ಮೇಲೆ. ಬೀಝೀ ಕಾರ್ನರ್ ಅನ್ನೋ ಪುಟ್ಟ ಊರಿಂದ ಹೂಸಮ್ ಅನ್ನೋ ಇನ್ನೊಂದು ಪುಟ್ಟ ಊರಿನ ತನಕ ಸುಮಾರು 8 ಕಿಲೋಮೀಟರ್, ಹೆಚ್ಚುಕಮ್ಮಿ ಎಲ್ಲಾ ಕ್ಲಾಸ್ 3 ನೀರು, ಅಂದ್ರೆ ಅಲೆ ಜೋರಿದ್ರೂ ದಾರಿ ಕಾಣುತ್ತೆ, ಮಧ್ಯೆ ಮಧ್ಯೆ ಉಸಿರು ತಗೊಳ್ಳೋಕೆ ಮಡು ಸಿಗುತ್ತೆ. ಕೊನೇಲಿ ಮಾತ್ರ ಹೂಸಮ್ ಫಾಲ್ಸ್, 10 ರಿಂದ 12 ಅಡಿ. ಅಲ್ಲಿ ದಡಕ್ಕೆ ಬಂದು ಬೋಟ್ ಹೊತ್ಕೊಂಡು ದಾಟೋದಕ್ಕೆ ಪೋರ್ಟೇಜ್ ಅಂತಾರೆ. ದಿನದ ಪ್ಲ್ಯಾನ್ ಶುರುವಾಗ್ಬೇಕಾಗಿರೋದು ಈ ಕೊನೆಯಿಂದ್ಲೇ.

ಅದಕ್ಕೇ ಬೋಟ್ ಇಳಿಸೋಕೆ ಮುಂಚೆ ಸೀದಾ ಹೂಸಮ್‌ಗೆ ಹೋಗಿ. ಹೈವೇ 141ರ ಸೇತುವೆ ಮೇಲೆ ನಿಂತ್ರೆ ಫಾಲ್ಸ್ ಕಣ್ಣೆದುರಿಗೇ ಇರುತ್ತೆ. ಹತ್ತು ನಿಮಿಷ ಸುಮ್ನೆ ನಿಂತು ಕೆಳಗಿನ ಬಿಳಿ ನೊರೆ ನೋಡಿ, ಅದು ಮುಂದಕ್ಕೆ ಹರೀತಿದ್ಯಾ ಇಲ್ಲ ವಾಪಸ್ ಫಾಲ್ಸ್ ಕಡೆಗೇ ಸುತ್ಕೊಂಡು ಬರ್ತಿದ್ಯಾ ಅಂತ. ಬಿದ್ದ ನೀರು ತಳಕ್ಕೆ ಹೋಗುತ್ತೆ, ಮೇಲಿನ ಪದರ ಹಿಂದಕ್ಕೆ ಎಳೆಯುತ್ತೆ, ಅದ್ರಲ್ಲಿ ಸಿಕ್ಕಿದೋರು ಬಟ್ಟೆ ಒಗೆಯೋ ಮಷೀನಲ್ಲಿ ಸಿಕ್ಕಂಗೆ ತಿರುಗ್ತಾನೇ ಇರ್ತಾರೆ, ನೊರೇಲಿ ಗಾಳಿ ಜಾಸ್ತಿ ಬೆರೆತಿರೋದ್ರಿಂದ ಲೈಫ್ ಜಾಕೆಟ್ಟೂ ಸರಿಯಾಗಿ ತೇಲ್ಸಲ್ಲ. ಗೈಡ್ ಜೊತೆ ರಾಫ್ಟ್‌ಲ್ಲಿ ಈ ಫಾಲ್ಸ್ ಇಳಿಯೋರು ಇದಾರೆ, ನಿಜ. ಆದ್ರೆ ಯಾರು ಇಳೀತೀರಾ, ಯಾರು ನಡೀತೀರಾ ಅನ್ನೋದು ಸೇತುವೆ ಮೇಲೇ ತೀರ್ಮಾನ ಆಗ್ಬಿಡ್ಲಿ. ನೀರಲ್ಲಿ ಕೂತು, ಪಕ್ಕದೋರ ಕೂಗಾಟದ ಮಧ್ಯೆ ತಗೊಂಡ ತೀರ್ಮಾನ ನಿಮ್ದಲ್ಲ. ದಡಕ್ಕೆ ಎಲ್ಲಿ ಬರ್ಬೇಕು, ಗುರುತಿಗೆ ಯಾವ ಬಂಡೆ, ಇದನ್ನೂ ಗೈಡ್ ಹತ್ರ ಕೇಳಿ ತಲೇಲಿ ಇಟ್ಕೊಳ್ಳಿ.

ಬಟ್ಟೆ ವಿಷ್ಯ. ಮೌಂಟ್ ಆಡಮ್ಸ್‌ನ ಹಿಮ ಮತ್ತೆ ಒರತೆ ನೀರು ಸೇರಿ ಹರಿಯೋ ನದಿ ಇದು, ಆಗಸ್ಟ್ ಬಿಸಿಲಲ್ಲೂ ಕೈ ಇಟ್ರೆ ಜುಮ್ ಅನ್ನುತ್ತೆ. ಜೀನ್ಸ್, ಕಾಟನ್ ಟೀ ಶರ್ಟ್ ಬೇಡ್ವೇ ಬೇಡ, ಒದ್ದೆಯಾದ್ರೂ ಮೈ ಬೆಚ್ಚಗಿಡೋ ವೆಟ್‌ಸೂಟ್ ಹಾಕ್ಕೊಳ್ಳಿ, ಹೆಲ್ಮೆಟ್ ಬೇಕು, ಚಪ್ಪಲಿ ಬದ್ಲು ಲೇಸ್ ಕಟ್ಟೋ ಹಳೇ ಶೂ. ಲೈಫ್ ಜಾಕೆಟ್ ಹಾಕಿದ್ಮೇಲೆ ಇನ್ನೊಬ್ರಿಗೆ ಹೇಳಿ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸ್ಕೊಳ್ಳಿ, ಕಿವಿ ತನಕ ಎದ್ದು ಬಂದ್ರೆ ಲೂಸ್ ಇದೆ ಅಂತ.

ಬೀಝೀ ಕಾರ್ನರ್‌ನಲ್ಲಿ ದಡ ಕಡಿದಾಗಿದೆ, ರಾಫ್ಟ್ ಜಾರಿಸೋಕೆ ಕಬ್ಬಿಣದ ಹಳಿ ಹಾಕಿದಾರೆ. ಅಲ್ಲಿಂದ ಮೇಲ್ಗಡೆ ಬೀಝೀ ಫಾಲ್ಸ್ ಇದೆ, ತುಂಬಾ ಅಪಾಯದ್ದು, ಆ ಕಡೆ ತಲೆ ಹಾಕ್ಬೇಡಿ. ನದೀಲಿ ಎಡ ಬಲ ಅಂದ್ರೆ ಯಾವಾಗ್ಲೂ ನೀರು ಹರಿಯೋ ಕಡೆ ಮುಖ ಮಾಡಿದಾಗಿನ ಎಡ ಬಲ, ಇದೊಂದು ಎಲ್ರಿಗೂ ಗೊತ್ತಿರ್ಲಿ.

ಹೊರಟ್ಮೇಲೆ ಅಲೆ ಬಂತು ಅಂತ ಪ್ಯಾಡಲ್ ನಿಲ್ಲಿಸ್ಬೇಡಿ, ಎಲ್ರೂ ಮಾಡೋ ತಪ್ಪು ಅದೇ. ಪ್ಯಾಡಲ್ ನೀರಲ್ಲಿ ಇದ್ರೇನೇ ಬೋಟ್ ನಿಮ್ಮ ಮಾತು ಕೇಳೋದು. ಬಂಡೆ ಹಿಂದೆ ನೀರು ತಿರುಗಿ ನಿಂತಿರೋ ಜಾಗಕ್ಕೆ ಎಡ್ಡಿ ಅಂತಾರೆ, ಅಲ್ಲಿಗೆ ನುಗ್ಗಿ ನಿಲ್ಸೋದನ್ನ ಮೇಲ್ಗಡೆ ಸುಲಭದ ನೀರಲ್ಲೇ ನಾಕೈದು ಸಲ ಪ್ರಾಕ್ಟೀಸ್ ಮಾಡಿ, ಯಾಕಂದ್ರೆ ಫಾಲ್ಸ್ ಮುಂದೆ ನಿಮ್ಮನ್ನ ಕಾಪಾಡೋದು ಅದೊಂದೇ. ನೀರಿಗೆ ಬಿದ್ರೆ ಅಂಗಾತ ಮಲಗಿ, ಕಾಲು ಮುಂದಕ್ಕೆ, ಕಾಲ್ಬೆರಳು ನೀರಿನ ಮೇಲೆ. ಸೆಳವಲ್ಲಿ ಎದ್ದು ನಿಲ್ಲೋಕೆ ಹೋಗ್ಬೇಡಿ, ಪಾದ ಬಂಡೆ ಸಂದೀಲಿ ಸಿಕ್ಕಿದ್ರೆ ನೀರು ಬೆನ್ನು ತಳ್ಳಿ ಮುಳುಗಿಸ್ಬಿಡುತ್ತೆ. ಅಡ್ಡ ಬಿದ್ದಿರೋ ಮರ ಜರಡಿ ಥರ, ನೀರನ್ನ ಬಿಡುತ್ತೆ, ಮನುಷ್ಯನ್ನ ಬಿಡಲ್ಲ. ದೂರದಿಂದ್ಲೇ ತಪ್ಪಿಸ್ಕೊಳ್ಳಿ, ಆಗ್ಲೇ ಇಲ್ಲ ಅಂದ್ರೆ ಮಾತ್ರ ಮಕಾಡೆ ತಿರುಗಿ ಜೋರಾಗಿ ಈಜಿ ಮರದ ಮೇಲೆ ಹತ್ಕೊಳ್ಳಿ.

ಈಗ ಫಾಲ್ಸ್. ಮೇಲ್ಗಡೆಯಿಂದ ಅದು ಫಾಲ್ಸ್ ಥರ ಕಾಣೋದೇ ಇಲ್ಲ ಕಣ್ರೀ. ನದಿ ಒಂದು ಗೆರೆ ಎಳೆದಂಗೆ ಮುಗಿದುಹೋಗುತ್ತೆ, ಗೆರೆ ಆಚೆ ಸೇತುವೆ, ಆಮೇಲೆ ಸದ್ದು. ನಾನು ಮೊದಲ ಸಲ ಆ ಗೆರೆ ನೋಡ್ತಾ ನೋಡ್ತಾ ಪ್ಯಾಡಲ್ ಹಾಕೋದೇ ಮರೆತೆ, ಹಿಂದೆ ಕೂತಿದ್ದ ಗೈಡ್ "ಹಾಕಿ, ಹಾಕಿ" ಅಂತ ಇಂಗ್ಲಿಷಲ್ಲಿ ಕಿರುಚಿದ್ಮೇಲೇ ಎಚ್ಚರ ಆಗಿದ್ದು. ಆ ಮೂರ್ನಾಕು ಸೆಕೆಂಡಲ್ಲಿ ಬೋಟ್ ಎಷ್ಟು ದೂರ ಜಾರಿತ್ತು ಅನ್ನೋದು ಇವತ್ತಿಗೂ ನೆನಪಿದೆ. ಗುರುತಿನ ಬಂಡೆ ಕಂಡ ತಕ್ಷಣ ದಡದ ಕಡೆ ಹೊರಡಿ, ಬೇಗ ಆಯ್ತು ಅನ್ನಿಸಿದ್ರೆ ಅದೇ ಸರಿಯಾದ ಹೊತ್ತು. ಮುಂದೆ ಕೂತೋರು ಒಬ್ರು ಹಗ್ಗ ಹಿಡ್ಕೊಂಡು ಮೊದಲು ಇಳೀಲಿ, ಹಗ್ಗ ಕೈಗೆ ಸುತ್ಕೊಳ್ಬಾರ್ದು, ಉಳಿದೋರು ಒಬ್ಬೊಬ್ರಾಗಿ. ಎಲ್ರೂ ಒಟ್ಟಿಗೆ ಎದ್ರೆ ಬೋಟ್ ಮತ್ತೆ ಸೆಳವಿಗೆ ಹೋಗುತ್ತೆ. ಹೆಲ್ಮೆಟ್, ಜಾಕೆಟ್ ಬಿಚ್ಚಬೇಡಿ, ಒದ್ದೆ ಬಂಡೆ ಮೇಲೆ ಜಾರೋದು ನಡೆಯೋವಾಗ್ಲೇ. ಒದ್ದೆ ಅಂಗೈಗೆ ಬೋಟಿನ ಪಟ್ಟಿ ಕುಯ್ಯುತ್ತೆ, ಇಪ್ಪತ್ತು ಹೆಜ್ಜೆಗೊಂದ್ಸಲ ಇಳಿಸಿ ಕೈ ಬದ್ಲಾಯಿಸ್ಕೊಳ್ಳಿ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ.

ಕೆಳಗಿನ ಮಡುವಲ್ಲಿ ಮತ್ತೆ ಹತ್ತಿದ್ಮೇಲೆ ನೀರು ಸ್ವಲ್ಪ ಸೌಮ್ಯ. ಅಲ್ಲೇ ಮುಗಿಸ್ಬಹುದು, ಇಲ್ಲ ನಾರ್ತ್‌ವೆಸ್ಟರ್ನ್ ಪಾರ್ಕ್ ತನಕ ಹೋಗ್ಬಹುದು. ಅಲ್ಲಿ ಮೊದಲು ಕೆರೆ ಇತ್ತು, 1913ರಲ್ಲಿ ಕಟ್ಟಿದ ಕಾಂಡಿಟ್ ಡ್ಯಾಮ್‌ದು. 2011ರ ಅಕ್ಟೋಬರ್ 26ಕ್ಕೆ ಡ್ಯಾಮ್ ಬುಡಕ್ಕೆ ತೂತು ಹೊಡೆದು ನೀರು ಬಿಟ್ರು, ಈಗ ಮೀನಿಗೂ ದಾರಿ ತೆರೆದಿದೆ, ನದಿ ಹರೀತಿದೆ. ನನಗಂತೂ ಆ ಕೊನೇ ತುಣುಕೇ ತುಂಬಾ ಇಷ್ಟ.

ಮರೀಬೇಡಿ, ಬೋಟ್ ಎಲ್ಲಿ ಹೊರಗೆ ತೆಗೀತೀರೋ ಅಲ್ಲೇ ಒಂದು ಕಾರು ಮೊದ್ಲೇ ನಿಲ್ಸಿರ್ಬೇಕು, ಅದ್ರಲ್ಲಿ ಒಣ ಬಟ್ಟೆ, ಫ್ಲಾಸ್ಕಲ್ಲಿ ಬಿಸಿ ಸಾರು. ಅದ್ರ ಕೀ ಮೇಲ್ಗಡೆ ಬಿಟ್ಟುಬಂದ ಕಾರಲ್ಲಿ ಉಳಿಯದಂಗೆ ನೋಡ್ಕೊಳ್ಳಿ.